ಕ್ಲೇಮ್ ಮಾಡದ ಕಳಕೇಶರಿಗೆ ಕ್ಲೇಮಿನ ನೋಟಿಸು

ಬೆಳಗಿನ ನಾಲ್ಕೂ ಮುಕ್ಕಾಲು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಇನ್ನೂ ಒಂದು ಮಗ್ಗದ ಸದ್ದೂ ಎದ್ದಿಲ್ಲ. ಹಳದಿ ಬೋರ್ಡಿನ ಏಳು ಸೀಟಿನ ಗಾಡಿಯ ಸುತ್ತ ಕಳಕೇಶ ನಿಧಾನಕ್ಕೆ ಒಂದು ಸುತ್ತು ಬರುತ್ತಾರೆ. ಹೆಂಡತಿ ಬನಶ್ರೀ ಬ್ಯಾಟರಿ ಹಿಡಿದು ಹಿಂದೆಯೇ ಇದ್ದಾರೆ. ಮುಂದಿನಿಂದ ಒಂದು ಫೋಟೋ, ಹಿಂದಿನಿಂದ ಒಂದು, ಎರಡೂ ಮಗ್ಗುಲಿಂದ ಒಂದೊಂದು, ಓಡಿದ ಕಿಲೋಮೀಟರ್ ತೋರಿಸುವ ಮೀಟರಿನದು ಇನ್ನೊಂದು. ಐದೂ ಸರಿಯಾಗಿ ಬಂದಿವೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿ, ಫೋನನ್ನು ಹೆಂಡತಿಯ ಕೈಗೆ ಕೊಟ್ಟ ಮೇಲೆಯೇ ಅವರು ಗಾಡಿ ಹತ್ತುವುದು.

ಒಳಗೆ ಆಗಲೇ ಕೂತಿರುವ ಅನ್ನವ್ವ ನಗುತ್ತಾರೆ. ಮೂವತ್ತೈದು ವರ್ಷ ಪಟ್ಟೇದ ಅಂಚಿನ ಸೀರೆ ನೇಯ್ದ ಹೆಣ್ಣುಮಗಳು. ಈಗ ಮೂತ್ರಪಿಂಡ ಕೈಕೊಟ್ಟಿದೆ. “ದಿನಾ ಫೋಟೋ ಹೊಡಿತಿಯಲ್ಲೋ ಕಳಕೇಶಾ, ಗಾಡಿಗೇನು ವರಾ ನೋಡಾಕತ್ತಿಯೇನ?”

“ನೀ ಸುಮ್ಕ ಕೂಡಬೇ ಯವ್ವಾ. ನಾಳೆ ಯಾರರೆ ಬಂದು ನಿನ್ನ ಗಾಡಿ ಅಲ್ಲಿ ಬಡದೈತಿ, ಇಲ್ಲಿ ಒಡದೈತಿ ಅಂದ್ರ ನಾ ಏನ ತೋರಸ್ಲಿ?” ಎಂದು ಕಳಕೇಶ ಗಾಡಿ ಚಾಲೂ ಮಾಡುತ್ತಾರೆ.

ವಾರಕ್ಕೆ ಮೂರು ದಿನ ಇದೇ ಕೆಲಸ. ಗಜೇಂದ್ರಗಡದಲ್ಲಿ ಅನ್ನವ್ವ, ಸೂಡಿಯಲ್ಲಿ ಒಬ್ಬರು, ರೋಣದಲ್ಲಿ ಇಬ್ಬರು, ಹೀಗೆ ನಾಲ್ವರನ್ನು ಹತ್ತಿಸಿಕೊಂಡು ಏಳು ಗಂಟೆಯೊಳಗೆ ಗದಗಿನ ದವಾಖಾನೆಯಲ್ಲಿ ಡಯಾಲಿಸಿಸ್‌ಗೆ ಇಳಿಸಬೇಕು. ನಾಲ್ಕು ತಾಸು ಕಾಯಬೇಕು. ವಾಪಸ್ ಬರುವಾಗ ಅವರಿಗೆ ತಲೆ ಸುತ್ತುತ್ತದೆ, ಒಮ್ಮೊಮ್ಮೆ ವಾಂತಿ. ಎಲ್ಲಿ ಗುಂಡಿ ಇದೆ, ಎಲ್ಲಿ ಹಂಪ್ ಇದೆ ಎಂಬುದು ಕಳಕೇಶರ ಕಾಲಿಗೆ ಗೊತ್ತು. ಉಳಿದ ದಿನಗಳಲ್ಲಿ ನರಗುಂದದ ಅಂಗಡಿಗಳಿಗೆ ಸೀರೆ ಗಂಟು ಒಯ್ಯುವುದು, ಸಿಕ್ಕರೆ ಮದುವೆ ಬಾಡಿಗೆ. ಹನ್ನೊಂದು ವರ್ಷದಲ್ಲಿ ಈ ಗಾಡಿ ಒಂದು ನಾಯಿಗೂ ಬಡಿದಿಲ್ಲ. ಓಡಿಸುವಾಗ ಕೈ ಫೋನಿಗೆ ಹೋಗಬಾರದೆಂದು ಅದನ್ನು ಮನೆಯಲ್ಲೇ ಬಿಟ್ಟು ಬರುವ ಚಾಲಕ ಈ ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬ ಇದ್ದಾನೆಯೇ, ಅನುಮಾನ.

ವಿಮೆ ಎಂದರೆ ಮೂಗು ಮುರಿಯುವ ಚಾಲಕರೇ ಹೆಚ್ಚು. ಕಳಕೇಶ ಹಾಗಲ್ಲ. ಹದಿನೇಳು ವರ್ಷದ ಹಿಂದೆ ಪುರ್ತಗೇರಿ ಹತ್ತಿರ ಅವರ ಅಣ್ಣ ಸಿದ್ದಲಿಂಗ ಅವರ ಬೈಕಿಗೆ ಟ್ರ್ಯಾಕ್ಟರ್ ಬಡಿದು ಬಲಗಾಲು ಹೋಯಿತು. ಟ್ರ್ಯಾಕ್ಟರಿಗೆ ವಿಮೆ ಇರಲಿಲ್ಲ. ಪರಿಹಾರ ಕೊಡು ಎಂದು ಕೋರ್ಟು ಹೇಳಿತು; ಕೊಡಬೇಕಾದವನ ಹತ್ತಿರ ಕೊಡಲು ಏನೂ ಇರಲಿಲ್ಲ. “ನನ್ನ ಗಾಡಿ ಯಾರಿಗರೆ ಬಡೀತಂದ್ರ ಅವ್ರ ಮನ್ಯಾಗ ನಮ್ಮ ಮನಿಯಂಗ ಆಗಬಾರ್ದ್ರಿ” ಎನ್ನುತ್ತಾರೆ ಕಳಕೇಶ. “ಡೀಸೆಲ್ ಬೇಕಾದ್ರ ಉದ್ರಿ ಹಾಕಸ್ತೀನಿ. ಇನ್ಶೂರೆನ್ಸ್ ರೊಕ್ಕ ಮಾತ್ರ ಮೊದ್ಲ ತಗದು ಇಟ್ಟಿರ್ತೀನಿ.”

ಇಂಥ ಮನುಷ್ಯನಿಗೇ ಈ ವರ್ಷ ನೋಟಿಸು ಬಂತು. ಹೋದ ವರ್ಷ ಇಪ್ಪತ್ತೇಳು ಸಾವಿರ ಇದ್ದ ಕಂತು ಈ ವರ್ಷ ಮೂವತ್ತೆಂಟು ಸಾವಿರ. ಕಾರಣ, ಯಾವುದೇ ಕ್ಲೇಮ್ ಮಾಡದ ಚಾಲಕನಿಗೆ ವರ್ಷದಿಂದ ವರ್ಷಕ್ಕೆ ಸಿಗುವ ರಿಯಾಯಿತಿ, ಅಂದರೆ ಬೋನಸ್, ಪೂರ್ತಿ ಸೊನ್ನೆ. ‘ಹಿಂದಿನ ಅವಧಿಯಲ್ಲಿ ಒಂದು ಕ್ಲೇಮ್ ಪಾವತಿಯಾಗಿದೆ’ ಎಂಬ ಒಂದು ಸಾಲು ಕೆಳಗೆ ಸಣ್ಣಕ್ಷರದಲ್ಲಿ. ಯಾವ ಕ್ಲೇಮು, ಯಾವಾಗ, ಯಾರು ಮಾಡಿದ್ದು, ಒಂದೂ ಇಲ್ಲ.

ಬಸ್ ನಿಲ್ದಾಣದ ಎದುರಿನ ಗಾಡಿ ಸ್ಟ್ಯಾಂಡಿನಲ್ಲಿ ಆ ನೋಟಿಸು ಕೈಯಿಂದ ಕೈಗೆ ಓಡಾಡಿತು. ಎಲ್ಲರಿಗೂ ಅದು ತಮ್ಮ ಮನೆಯದೇ ಕಾಗದ. “ಗಾಡಿ ಹಳೇದಾತು ಅಂತ ಅದರ ಕಿಮ್ಮತ್ತು ವರ್ಷಾ ಇಳಸ್ತಾರ. ನಾವು ತುಂಬೂ ರೊಕ್ಕ ಮಾತ್ರ ವರ್ಷಾ ಏರಸ್ತಾರ. ಇದ್ಯಾವ ಲೆಕ್ಕ ಹೇಳ್ರಿ?” ಎಂದು ಕೇಳಿದವರು ಚಾಲಕ ಅಜಯಕುಮಾರ. ಒಬ್ಬರು ಕಂಪನಿಯ ಕಂಪ್ಯೂಟರನ್ನು ದೂರಿದರು, ಇನ್ನೊಬ್ಬರು ಏಜೆಂಟರ ಕಮಿಷನ್ನನ್ನು. ವಿಮೆ ಇಲ್ಲದೆಯೇ ಎರಡು ವರ್ಷ ಓಡಿಸಿದವರೊಬ್ಬರು “ತುಂಬಬ್ಯಾಡ ಬಿಡೋ, ಯಾರ ಕೇಳ್ತಾರ” ಎಂದು ಉಪದೇಶವನ್ನೂ ಮಾಡಿದರು. ಕಳಕೇಶ ಅಲ್ಲಿಂದ ಎದ್ದು ಬಂದರು.

ಅಂದಿನಿಂದ ಸಂಶಯ ಮನೆ ಹೊಕ್ಕಿತು. ಮೊದಲು ಏಜೆಂಟ್ ಪ್ರಭುಲಿಂಗಪ್ಪನವರ ಮೇಲೆ. ಅದು ಯಾವ ಕ್ಲೇಮು ಎಂದು ಕೇಳಿ ಅವರು ಎದುರಿಗೇ ವಿಮಾ ಕಂಪನಿಯ ಹುಬ್ಬಳ್ಳಿ ಕಚೇರಿಗೆ ಅರ್ಜಿ ಬರೆಸಿದರೂ, ಬರೆಸುವಾಗ ಯಾಕೆ ನಕ್ಕರು ಎಂಬುದು ಕಳಕೇಶರ ತಲೆ ಕೊರೆಯಿತು. ಆಮೇಲೆ ಆ ಸಂಶಯ ಹೋಗಿ ನಿಂತದ್ದು ಗ್ಯಾರೇಜಿನ ಯೂಸುಫ ಅವರ ಬಾಗಿಲಲ್ಲಿ.

ಇದಕ್ಕೆ ಇಲ್ಲಿನ ಒಂದು ರೂಢಿ ಕಾರಣ. ದೂರದೂರ ಓಡುವ ಚಾಲಕರು ಆರ್‌ಸಿ, ಲೈಸೆನ್ಸು, ವಿಮೆ ಎಲ್ಲದರ ಒಂದೊಂದು ಜೆರಾಕ್ಸನ್ನು, ಗಾಡಿಯ ಇನ್ನೊಂದು ಕೀಲಿಯನ್ನು ತಮ್ಮ ಮೇಸ್ತ್ರಿಯ ಬಳಿ ಇಟ್ಟಿರುತ್ತಾರೆ. ದಾರಿಯಲ್ಲಿ ಗಾಡಿ ನಿಂತರೆ ಮೇಸ್ತ್ರಿ ಕಾಗದ, ಕೀಲಿ ಹಿಡಿದು ಬರಬೇಕಲ್ಲ. ಯೂಸುಫರ ಮೇಜಿನ ಡ್ರಾದಲ್ಲಿ ಅಂಥ ಇಪ್ಪತ್ತು ಗಾಡಿಗಳ ಕಾಗದವಿದೆ. ಕಳಕೇಶರ ಕಾಗದ ಅಲ್ಲಿ ಹನ್ನೊಂದು ವರ್ಷದಿಂದ ಇತ್ತು. ಅವರಿಬ್ಬರ ಗೆಳೆತನಕ್ಕೆ ಇಪ್ಪತ್ತು ವರ್ಷ. ಹೋದ ಬೇಸಿಗೆಯಲ್ಲಿ ಕ್ಲಚ್ ಪ್ಲೇಟು ಹಾಕಿಸಲು ಗಾಡಿಯನ್ನು ಎರಡು ದಿನ ಅಲ್ಲೇ ಬಿಟ್ಟಿದ್ದರು. ಕಾಗದ ಅಲ್ಲಿ, ಕೀಲಿ ಅಲ್ಲಿ, ಗಾಡಿಯೂ ಅಲ್ಲಿ. ಸಂಶಯ ಪಡುವವನಿಗೆ ಇನ್ನೇನು ಬೇಕು?

ಕಳಕೇಶ ನೇರವಾಗಿ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಕುಂಟುತ್ತ ಹೋಗುವ ಅಣ್ಣ ಸಿದ್ದಲಿಂಗ ಅವರನ್ನು ಕಳಿಸಿ ಕಾಗದ ವಾಪಸ್ ತರಿಸಿದರು. ಈ ದಂಧೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಯೂಸುಫ ಡ್ರಾ ಎಳೆದು, ಜೆರಾಕ್ಸುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ಕೀಲಿಯನ್ನೂ ಇಟ್ಟು ಕೊಟ್ಟರಂತೆ. ಮುಂದಿನ ಐದು ವಾರ ಕಳಕೇಶ ಆ ದಾರಿಯಲ್ಲಿ ಹೋಗುವಾಗ ಕನ್ನಡಿ ಸರಿ ಮಾಡುವ ನೆಪದಲ್ಲಿ ಮುಖ ತಿರುಗಿಸಿದರು. ಬ್ರೇಕಿನ ಕೆಲಸವನ್ನು ಗೊತ್ತಿಲ್ಲದ ಇನ್ನೊಬ್ಬರ ಹತ್ತಿರ ಮಾಡಿಸಿದರು.

ಹುಬ್ಬಳ್ಳಿಯಿಂದ ಉತ್ತರ ಬಂದಾಗ ವಿಮೆ ಮುಗಿಯಲು ಮೂರೇ ದಿನ ಬಾಕಿ. ಕಟ್ಟದಿದ್ದರೆ ಸೋಮವಾರ ಗಾಡಿ ಹೊರಡುವಂತಿಲ್ಲ; ವಿಮೆ ಇಲ್ಲದ ಗಾಡಿಯಲ್ಲಿ ಅನ್ನವ್ವನನ್ನು ಕೂರಿಸುವ ಜಾಯಮಾನ ಅವರದಲ್ಲ. ಪ್ರಭುಲಿಂಗಪ್ಪನವರು ಕಾಗದ ಓದಿದರು. ಕ್ಲೇಮು ಆಗಿರುವುದು ಮುಂದಿನ ಗಾಜಿಗೆ. ಹೋದ ಶ್ರಾವಣದಲ್ಲಿ ನರಗುಂದದ ದಾರಿಯಲ್ಲಿ ಲಾರಿಯೊಂದರಿಂದ ಹಾರಿದ ಕಲ್ಲು ತಾಗಿ ಗಾಜು ಒಡೆದದ್ದು ನಿಜ. ಬೋನಸ್ ಉಳಿಯಲಿ ಎಂದು ಕಳಕೇಶ ಕ್ಲೇಮ್ ಮಾಡದೆ, ದೂರದ ಊರಿನ ಗಾಜಿನ ಅಂಗಡಿಗೆ ಕೈಯಿಂದಲೇ ಪೂರ್ತಿ ದುಡ್ಡು ಕೊಟ್ಟು ಬಂದಿದ್ದರು. ಬಿಲ್ಲಿಗೆ ಬೇಕು ಎಂದಾಗ ವಿಮೆಯ ಜೆರಾಕ್ಸ್ ಕೊಟ್ಟಿದ್ದರು, ತೋರಿಸಿದಲ್ಲಿ ಸಹಿಯನ್ನೂ ಹಾಕಿದ್ದರು. ಅಂಗಡಿಯವರು ಇವರ ಹತ್ತಿರವೂ ತೆಗೆದುಕೊಂಡು, ಕಂಪನಿಯಿಂದಲೂ ತೆಗೆದುಕೊಂಡಿದ್ದರು.

ಉಳಿದದ್ದನ್ನು ಹೇಳಿದವರು ಬನಶ್ರೀ. ಗಾಜು ಹಾಕಿಸಿದ ದಿನ ಅವರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು, ಗಂಡನ ಫೋನು ಎಂದಿನಂತೆ ಪಕ್ಕದಲ್ಲಿತ್ತು. “ಅಂಗಡ್ಯಾವ್ರು ಫೋನ್ ಮಾಡಿ, ಗಾಜು ಕೂಡಿಸೇವಿ, ಫೋನಿಗೆ ಒಂದ್ ನಂಬರ್ ಬಂದೈತಿ, ಹೇಳಿದ್ರ ಗಾಡಿ ಬಿಡ್ತೇವಿ ಅಂದ್ರು. ಇವ್ರು ಲಗೂ ಬರ್ಲಿ ಅಂತ ಹೇಳಿಬಿಟ್ಟೆ” ಎನ್ನುವಾಗ ಇಂದಿಗೂ ಅವರ ಕಣ್ಣು ತುಂಬುತ್ತದೆ. ಆ ನಂಬರು ಕ್ಲೇಮಿಗೆ ಒಪ್ಪಿಗೆ ಕೊಡುವ ಒಟಿಪಿ. ಕಳಕೇಶ ಹೆಂಡತಿಯನ್ನು ದೂರುವುದಿಲ್ಲ. “ಆಕಿದೇನ ತಪ್ಪು? ಫೋನ್ ಮನ್ಯಾಗ ಇಟ್ಟಾಂವ ನಾ. ಸಹಿ ಮಾಡಿದಾಂವ ನಾ.”

ಹೆಚ್ಚಿನ ಕಂತನ್ನು ಕೊನೆಯ ದಿನ ಕಟ್ಟಿದರು. ಜೊತೆಗೆ ಅಂಗಡಿಯ ಮೇಲೆ ದೂರನ್ನೂ ಕೊಟ್ಟಿದ್ದಾರೆ. ಗಾಜಿಗೆ ದುಡ್ಡು ಕೊಟ್ಟ ರಸೀದಿ ಅವರ ಹತ್ತಿರವಿದೆ. ಬೋನಸ್ ಮರಳಿ ಬರುತ್ತದೆಯೇ ಎಂದರೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬರುತ್ತದೆ. ಇದನ್ನು ಹೇಳುವ ಮೊದಲು ಅವರು ಪತ್ರಿಕೆಯವರ ಗುರುತಿನ ಚೀಟಿ ಕೇಳಿ, ಹಿಂದೆ ಮುಂದೆ ತಿರುಗಿಸಿ ಓದಿ, ಅದರದ್ದೂ ಒಂದು ಫೋಟೋ ತೆಗೆದುಕೊಂಡಿದ್ದಾರೆ. ಯಾವ ಕಾಗದಕ್ಕೂ ಸಹಿ ಮಾಡುವುದಿಲ್ಲ ಎಂದು ಮೊದಲೇ ಹೇಳಿದ್ದಾರೆ.

ಮಾತು ಮುಗಿಯಿತು ಎನ್ನುವಾಗ ಕಳಕೇಶ ದನಿ ತಗ್ಗಿಸುತ್ತಾರೆ. ಉತ್ತರ ಬಂದ ಮರುದಿನವೇ ಗಾಡಿಯನ್ನು ಯೂಸುಫರ ಗ್ಯಾರೇಜಿನ ಮುಂದೆ ನಿಲ್ಲಿಸಿದ್ದರಂತೆ. ಯೂಸುಫ ಎಂದಿನಂತೆ ಬಂದು, ಚಕ್ರ ಬಿಚ್ಚಿ, ಬೇರೆಯವರು ಕೆಡಿಸಿದ ಬ್ರೇಕನ್ನು ಸರಿ ಮಾಡಿದರು. ಚಹಾ ತರಿಸಲಿಲ್ಲ. ದುಡ್ಡು ಕೊಟ್ಟಾಗ ಚಿಲ್ಲರೆ ಎಣಿಸಿ ವಾಪಸ್ ಕೊಟ್ಟು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಂದು ರಸೀದಿ ಬರೆದು ಹರಿದು ಕೊಟ್ಟರು. “ಇಟ್ಕೋ, ಬೇಕಾಗ್ತೈತಿ” ಎಂದಷ್ಟೇ ಹೇಳಿದರು.

“ನನ್ನ ಹೆಸರು, ನನ್ನ ಫೋಟೋ, ಯಾವುದೂ ದೊಡ್ಡದು ಬ್ಯಾಡ್ರಿ” ಎನ್ನುತ್ತಾರೆ ಕಳಕೇಶ. “ಅಂವಾ ರವಿವಾರ ಪೇಪರ್ ಪೂರಾ ಓದತಾನ. ಎದುರಿಗೆ ನಿಂತ್ರ ನನಗ ಮಾತ ಹೊರಡವಲ್ದು. ಯೂಸುಫನದು ಏನೂ ತಪ್ಪಿಲ್ಲ, ಕಳಕೇಶ ಸುಳ್ಳ ಸಂಶಯ ಪಟ್ಟಾನ. ಇದೊಂದನ್ನ ಅವಗ ಕಾಣೂ ಹಂಗ ಬರೀರಿ.”