ಕಾಜಾ ಅತ್ತೆ ಮಾತ್ರೆ ಬಿಟ್ಟಳು

ಕುಡಿತ ಬಿಟ್ಟ ಗಂಡಸಿಗೆ ಸಿಗುವ ಮರ್ಯಾದೆ ಹುಟ್ಟಿನಿಂದ ಒಂದು ಹನಿ ಮುಟ್ಟದವನಿಗೂ ಸಿಗುವುದಿಲ್ಲ. ನಮ್ಮ ಬೀದಿಯ ಬೀಗ ರಿಪೇರಿಯವನು ಕುಡಿಯುವುದನ್ನು ನಿಲ್ಲಿಸಿದಾಗ ಬೀದಿಗೆ ಬೀದಿಯೇ ಅವನ ಅಂಗಡಿ ಮುಂದೆ ನಿಂತು ಬೆನ್ನು ತಟ್ಟಿತು. ಕುಡಿದ ಮತ್ತಿನಲ್ಲಿ ಹೆಂಡತಿಯ ಕೈ ಮುರಿದಿದ್ದ ಮಹಾನುಭಾವ ಅವನು. ಇರಲಿ, ಬಿಟ್ಟನಲ್ಲ, ಸಂತೋಷ. ಅದೇ ವರ್ಷ ನಮ್ಮ ಮನೆಯಲ್ಲಿ, ಹದಿನಾಲ್ಕು ವರ್ಷ ನಿದ್ದೆ ಮಾತ್ರೆ ನುಂಗಿದ್ದ ಕಾಜಾ ಅತ್ತೆ ಅದನ್ನು ಬಿಟ್ಟಳು. ಬೆನ್ನು ತಟ್ಟುವುದು ಹಾಗಿರಲಿ, ಮನೆಯವರು ಅವಳಿಗೆ ಮಾಡಿದ್ದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಮನೆಯವರು ಎಂದರೆ ಅದರಲ್ಲಿ ನಾನೂ ಸೇರಿದ್ದೇನೆ.

ಅವಳು ನನ್ನ ಅಪ್ಪನ ತಂಗಿ. ಕೋಟು ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸ. ಗುಂಡಿ ತೂರಿಸಲು ಬಟ್ಟೆಯಲ್ಲಿ ಸೀಳು ಮಾಡಿ, ಅದರ ಅಂಚಿನ ಸುತ್ತ ಮೇಣ ಸವರಿದ ದಾರದಲ್ಲಿ ಗಂಟು ಹೊಲಿಗೆ ಹಾಕಿ ಮುಗಿಸುವುದಕ್ಕೆ ಕಾಜಾ ಎನ್ನುತ್ತಾರೆ. ಅವಳು ದಿನವಿಡೀ ಮಾಡುತ್ತಿದ್ದದ್ದು ಅದೊಂದನ್ನೇ. ಹೊಲಿಗೆಯ ಪಕ್ಕ ಹೊಲಿಗೆ, ನಡುವೆ ಕೂದಲು ತೂರದಷ್ಟು ಒತ್ತಾಗಿ ಕೂರಬೇಕು. ಅಂಗಡಿಯ ಮಾಸ್ಟರ್ ಕಣ್ಣಿನಿಂದ ನೋಡುತ್ತಿರಲಿಲ್ಲ, ಹೆಬ್ಬೆರಳ ಉಗುರನ್ನು ಕಾಜಾದ ಅಂಚಿನ ಮೇಲೆ ಎಳೆಯುತ್ತಿದ್ದರು. ಉಗುರು ಎಲ್ಲಿಯಾದರೂ ತಡವರಿಸಿದರೆ ಬಿಚ್ಚಿ ಮತ್ತೆ ಹಾಕಬೇಕು. ಮಿಷನ್ ಬಂದ ಮೇಲೂ ಆ ಅಂಗಡಿಯವರು ಅತ್ತೆಯ ಕೈಯನ್ನೇ ಇಟ್ಟುಕೊಂಡರು. ಬೀದಿಯವರು, ನೆಂಟರು, ಕೊನೆಗೆ ಪೋಸ್ಟ್‌ಮ್ಯಾನ್ ಕೂಡ ಅವಳನ್ನು ಕಾಜಾ ಅತ್ತೆ ಎಂದೇ ಕರೆಯುತ್ತಿದ್ದರು.

ಮದುವೆಯಾದ ಎರಡನೇ ವರ್ಷ ಅವಳ ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತ. ಅವಳಿಗೆ ನಿದ್ದೆ ಹೋಯಿತು. ಒಬ್ಬ ಡಾಕ್ಟರು ಹತ್ತು ದಿನಕ್ಕೆಂದು ಮಾತ್ರೆ ಬರೆದುಕೊಟ್ಟರು. ಆ ಹತ್ತು ದಿನ ಹದಿನಾಲ್ಕು ವರ್ಷವಾಯಿತು! ಬರೆದವರು ಕೇಳಲಿಲ್ಲ. ಔಷಧಿ ಅಂಗಡಿಯವನು ಚೀಟಿ ಹಳದಿಯಾಗಿ ಹರಿದುಹೋದ ಮೇಲೂ ಮುಖ ನೋಡಿಯೇ ಕೊಟ್ಟ. ‘ನಿಮ್ದು ಎತ್ತಿಟ್ಟಿದೀನಿ ಅಕ್ಕೋರೇ’ ಎಂದು ನಗುತ್ತಿದ್ದ. ಆ ನಗು ನೆನಪಾದರೆ ಅವನ ಅಂಗಡಿಯ ಗಾಜು ಒಡೆಯಬೇಕೆನಿಸುತ್ತದೆ. ಅತ್ತೆಯಾದರೋ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋದಳು. ಸುಳ್ಳು ಹೇಳಿದಳು, ದಿಂಬಿನ ಹೊಲಿಗೆ ಬಿಚ್ಚಿ ಒಳಗೆ ಬಚ್ಚಿಟ್ಟಳು. ಅದನ್ನೂ ಹೇಳುತ್ತೇನೆ, ಅವಳೇನು ದೇವತೆಯಲ್ಲ.

ಆದರೆ ಆ ಹದಿನಾಲ್ಕು ವರ್ಷ ಅವಳು ನಮಗೆ ತುಂಬಾ ಅನುಕೂಲವಾಗಿದ್ದಳು. ಈ ಮಾತು ಬರೆಯಲು ನಾಚಿಕೆಯಾಗುತ್ತದೆ. ಕೆಲಸದಿಂದ ಬಂದು ಪಾತ್ರೆ ತೊಳೆಯುತ್ತಿದ್ದಳು, ಹಾಕಿದ್ದನ್ನು ಉಣ್ಣುತ್ತಿದ್ದಳು, ಏನು ಹೇಳಿದರೂ ‘ಹೂಂ’ ಎನ್ನುತ್ತಿದ್ದಳು. ಕಿಟಕಿ ಇದ್ದ ಕೋಣೆ ಅವಳದ್ದು. ನಾನು ಹೈಸ್ಕೂಲಿಗೆ ಬಂದಾಗ ‘ಹುಡುಗಿಗೆ ಓದೋಕೆ ಬೇಕು’ ಎಂದು ಅಮ್ಮ ಅವಳ ಮಂಚವನ್ನು ಅಡುಗೆಮನೆಯ ಪಕ್ಕದ ಓಣಿಯಂಥ ಜಾಗಕ್ಕೆ ಸರಿಸಿದಳು. ಅತ್ತೆ ಅದಕ್ಕೂ ‘ಹೂಂ’ ಎಂದಳು. ನೆಂಟರು ಬಂದಾಗ ಅಮ್ಮ, ‘ನಮ್ಮ ನಾದಿನಿ ಬಂಗಾರ, ಮನೇಲಿ ಇದಾಳೋ ಇಲ್ವೋ ಗೊತ್ತಾಗಲ್ಲ’ ಎಂದು ಹೊಗಳುತ್ತಿದ್ದಳು. ಬದುಕಿರುವ ಹೆಂಗಸಿಗೆ ಇಂಥ ಹೊಗಳಿಕೆ!

ಒಂದು ದಿನ ಅಂಗಡಿಯಲ್ಲಿ ಅವಳ ಕತ್ತರಿ ಜಾರಿತು. ಅರ್ಧ ಇಂಚು ಸೀಳಬೇಕಾದ ಕಡೆ ಎರಡು ಇಂಚು ಸೀಳಿದಳು. ಯಾರದೋ ಹೊಸ ಕೋಟಿನ ಎದೆಭಾಗ ಹಾಳಾಯಿತು. ಮಾಸ್ಟರ್ ಬಯ್ಯಲಿಲ್ಲ. ಹತ್ತಿರ ಬಂದು, ‘ನಿಮ್ಮ ಕೈ ಎಲ್ಲಿ ಹೋಯ್ತಮ್ಮಾ?’ ಎಂದಷ್ಟೇ ಕೇಳಿದರು. ಬೈದಿದ್ದರೆ ಅತ್ತೆ ಅದನ್ನೂ ‘ಹೂಂ’ ಎಂದು ನುಂಗಿಬಿಡುತ್ತಿದ್ದಳು. ಆ ಪ್ರಶ್ನೆಯನ್ನು ನುಂಗಲಾಗಲಿಲ್ಲ. ಮರುದಿನ ಮಾಸ್ಟರ್‌ಗೆ ಮಾತ್ರೆಯ ವಿಷಯ ಹೇಳಿ, ಅರ್ಧ ದಿನ ರಜೆ ಹಾಕಿ ಒಬ್ಬಳೇ ದೊಡ್ಡ ಆಸ್ಪತ್ರೆಯ ಸಾಲಿನಲ್ಲಿ ನಿಂತಳು.

ಅಲ್ಲಿನ ಡಾಕ್ಟರಮ್ಮ ಒಮ್ಮೆಲೇ ಬಿಡಬಾರದು, ಫಿಟ್ಸ್ ಬರಬಹುದು, ಪ್ರಾಣಕ್ಕೆ ಅಪಾಯ ಎಂದರು. ಕಾಲು ಕಾಲು ಭಾಗವಾಗಿ ತಿಂಗಳುಗಟ್ಟಲೆ ಇಳಿಸಬೇಕು, ದಿನಾ ಹೇಗಿರುತ್ತದೆಂದು ಒಂದು ಪುಸ್ತಕದಲ್ಲಿ ಬರೆದು ತರಬೇಕು ಎಂದರು.

‘ಬರೆಯೋದೆಲ್ಲ ನಂಗೆ ಬರಲ್ಲ ಡಾಕ್ಟ್ರೇ. ಹೊಲಿದು ತರ್ತೀನಿ’ ಎಂದಳಂತೆ ಅತ್ತೆ.

ಡಾಕ್ಟರಮ್ಮ ನಕ್ಕು ಒಪ್ಪಿದರಂತೆ. ಅಂದಿನಿಂದ ದಿನಾ ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಮೊದಲು, ಬಿಳಿ ಬಟ್ಟೆಯ ಪಟ್ಟಿಯೊಂದರ ಮೇಲೆ ಅತ್ತೆ ಒಂದು ಕಾಜಾ ಹಾಕುತ್ತಿದ್ದಳು. ಒಂದು ದಿನಕ್ಕೆ ಒಂದು. ಕೈ ನಡುಗಿದ ದಿನ ಹೊಲಿಗೆ ಸೊಟ್ಟ, ಮಂಪರಿದ್ದ ದಿನ ಹೊಲಿಗೆಗಳ ನಡುವೆ ಸಂದು. ತಿಂಗಳಿಗೊಮ್ಮೆ ಡಾಕ್ಟರಮ್ಮ ಆ ಪಟ್ಟಿಯ ಮೇಲೆ ಬೆರಳಾಡಿಸಿ, ‘ಈ ವಾರ ಬಹಳ ಕಷ್ಟ ಆಯ್ತಲ್ವಾ?’ ಎಂದು ಕೇಳುತ್ತಿದ್ದರು. ಹಾಗೆ ಕೇಳಿದವರು ಅವರೊಬ್ಬರೇ. ಮನೆಯಲ್ಲಿ ನಾವು, ಬೆವರಿ ನೆನೆದ ಅವಳ ಹಾಸಿಗೆ ನೋಡಿ ಮೂಗು ಮುರಿದೆವು.

ಹತ್ತು ತಿಂಗಳು ಹಿಡಿಯಿತು. ಕೊನೆಯ ಚೂರನ್ನೂ ಬಿಟ್ಟಾಗ ಎಚ್ಚರವಾದವಳು ನಾವ್ಯಾರೂ ನೋಡಿರದ ಹೆಂಗಸು. ನನ್ನ ಅತ್ತೆಗೆ ಜೋರಾಗಿ ನಗಲು ಬರುತ್ತದೆ ಎಂದು ನನಗೆ ಗೊತ್ತಾದದ್ದು ಇಪ್ಪತ್ತನೇ ವಯಸ್ಸಿನಲ್ಲಿ. ನಕ್ಕಂತೆಯೇ ಅತ್ತಳು ಕೂಡ. ಹದಿನೈದು ವರ್ಷದ ಹಿಂದೆ ಸತ್ತ ಗಂಡನಿಗಾಗಿ ನಿನ್ನೆ ಸತ್ತವನಿಗೆ ಅಳುವಂತೆ ಅತ್ತಳು. ರೇಡಿಯೋ ಜೋರಾಯಿತು ಎಂದಳು. ಪಾತ್ರೆಯನ್ನು ದಿನ ಬಿಟ್ಟು ದಿನ ತೊಳೆಯುತ್ತೇನೆ ಎಂದಳು. ಒಂದು ಬೆಳಿಗ್ಗೆ ಅಮ್ಮನ ಎದುರು ನಿಂತು, ‘ಅತ್ತಿಗೆ, ಆ ಕಿಟಕಿ ಕೋಣೆ ನಂದಲ್ವಾ? ಪುಟ್ಟಿ ಪರೀಕ್ಷೆ ಮುಗೀಲಿ, ಆಮೇಲೆ ನಂಗೆ ವಾಪಸ್ ಬೇಕು’ ಎಂದಳು.

ಪುಟ್ಟಿ ಎಂದರೆ ನಾನು. ಪರೀಕ್ಷೆ ಎಂದರೆ ನನ್ನ ಡಿಗ್ರಿಯ ಕೊನೆಯ ಪರೀಕ್ಷೆ. ರಾತ್ರಿ ಊಟಕ್ಕೆ ಕೂತಾಗ ಅಮ್ಮ ಅಪ್ಪನಿಗೆ, ‘ಇವಳು ಮೊದಲೇ ಚೆನ್ನಾಗಿದ್ಲು ಕಣ್ರೀ’ ಎಂದಳು. ಅಪ್ಪ ತಲೆ ಎತ್ತದೆ ಉಂಡರು.

ಪೂರ್ತಿ ಬಿಟ್ಟು ನಲವತ್ತೊಂದು ದಿನವಾಗಿತ್ತು. ನಲವತ್ತೆರಡನೆಯ ದಿನ, ಒಂದು ಮಂಗಳವಾರ ಬೆಳಿಗ್ಗೆ, ಪಟ್ಟಿಯ ಮೇಲಿನ ಕಾಜಾ ಸಡಿಲವಾಗಿ ಬಂತು. ಬುಧವಾರವೂ ಹಾಗೆಯೇ. ಗುರುವಾರ ಅಂಗಡಿಯಲ್ಲಿ ಮಾಸ್ಟರ್ ಉಗುರು ಎಳೆದು ನಿಂತುಬಿಟ್ಟರು. ‘ಮತ್ತೆ ಶುರು ಮಾಡಿದ್ರಾ ಅಮ್ಮಾ?’ ಎಂದರು. ಇಲ್ಲ ಎಂದಳು. ಅವರು ನಂಬಲಿಲ್ಲ. ಅವಳ ಮಾತು ತೊದಲುತ್ತಿತ್ತು, ಯಾರು ತಾನೇ ನಂಬುತ್ತಾರೆ? ಮನೆಯಲ್ಲಿ ಅಪ್ಪ, ‘ನಾಯಿ ಬಾಲ ಡೊಂಕೇ, ನಂಗೆ ಗೊತ್ತಿತ್ತು’ ಎಂದರು.

ಇದರಲ್ಲಿ ನನಗೆ ಇವತ್ತಿಗೂ ಸಹಿಸಲಾಗದ ಭಾಗ ಒಂದಿದೆ. ಅತ್ತೆ ತನ್ನನ್ನೇ ಅನುಮಾನಿಸಿದಳು. ನಿದ್ದೆಗಣ್ಣಿನಲ್ಲಿ ತಾನೇ ಎದ್ದು ಹೋಗಿ ನುಂಗುತ್ತಿರಬಹುದೇ ಎಂದು ಹೆದರಿದಳು. ನನ್ನ ಕೈ ಹಿಡಿದು, ‘ಪುಟ್ಟಿ, ನನ್ನ ಹಾಸಿಗೆ ಹುಡುಕೇ. ದಿಂಬು ಬಿಚ್ಚು, ಸೀರೆ ಎಲ್ಲ ಕೊಡವು. ನಾನು ಎಲ್ಲೋ ಇಟ್ಟಿರ್ತೀನಿ, ನಂಗೇ ಗೊತ್ತಿಲ್ದೆ’ ಎಂದಳು. ನಾನು ಹುಡುಕಿದೆ. ಏನೂ ಸಿಗಲಿಲ್ಲ. ಸಿಗಲಿಲ್ಲ ಎಂದಾಗ ಅವಳು ಇನ್ನೂ ಹೆದರಿದಳು. ನಲವತ್ತೊಂದು ದಿನದ ತನ್ನ ಮಾತನ್ನು ತಾನೇ ನಂಬಲಾಗದೆ, ಮಂಚದ ತುದಿಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು.

ಎರಡನೇ ಸೋಮವಾರ ಬೆಳಿಗ್ಗೆ ಅವಳು ಪಟ್ಟಿ ಹಿಡಿದು ನನ್ನ ಕೋಣೆಗೆ ಬಂದಳು. ನನ್ನದಲ್ಲ, ಅವಳ ಕೋಣೆಗೆ.

‘ಉಗುರು ಎಳೆದು ನೋಡು. ಇದು ಇವತ್ತಿಂದು. ಇದು ಹೋದ ಸೋಮವಾರದ್ದು.’

ಎರಡೂ ಒತ್ತಾಗಿ, ಗಟ್ಟಿಯಾಗಿ ಇದ್ದವು. ಉಳಿದ ದಿನದವೆಲ್ಲ ಸಡಿಲ.

‘ಸೋಮವಾರ ಬೆಳಿಗ್ಗೆ ಮಾತ್ರ ಕೈ ನಂದು. ಭಾನುವಾರ ನಾನು ಏನು ಮಾಡಲ್ಲ ಪುಟ್ಟಿ? ಬೇರೆ ದಿನ ಏನು ಮಾಡ್ತೀನಿ?’

ನಾನು ಪುಸ್ತಕ ಮುಚ್ಚಿದೆ. ‘ಭಾನುವಾರ ಅಮ್ಮ ಇರಲ್ಲ, ಅಜ್ಜಿ ಮನೆಗೆ ಹೋಗ್ತಾಳೆ. ಸಾಯಂಕಾಲದ ಕಾಫಿ... ನೀನೇ ಮಾಡ್ಕೋತೀಯ.’

ಉಳಿದ ಆರು ದಿನ ಕಾಫಿ ಮಾಡುತ್ತಿದ್ದವಳು ಅಮ್ಮ. ಆರು ಗಂಟೆಗೆ ಕೆಲಸದಿಂದ ಬಂದು ಕೂತ ಅತ್ತೆಯ ಕೈಗೆ ಲೋಟ ಕೊಡುತ್ತಿದ್ದವಳು ನಾನು. ಅಡುಗೆಮನೆಯಿಂದ ಅವಳ ಮಂಚಕ್ಕೆ ಎಂಟು ಹೆಜ್ಜೆ. ಆ ಎಂಟು ಹೆಜ್ಜೆ ದಿನಾ ನಡೆದವಳು ನಾನೇ. ‘ಸಕ್ಕರೆ ಜಾಸ್ತಿ ಆಗಿದೆ ಕಣೇ’ ಎಂದು ಅವಳು ಎರಡು ಸಲ ಹೇಳಿದ್ದಳು. ನಾನು ಕೇಳಿಸಿಕೊಂಡು ಓದಲು ಹೋಗಿದ್ದೆ.

ಅತ್ತೆ ಕೂಗಾಡಲಿಲ್ಲ. ಕೆಲಸಕ್ಕೆ ಹೋಗಿ, ಕೆಲಸ ಮಾಡಿ ಬಂದಳು. ಸಾಯಂಕಾಲ ಅಮ್ಮ ಎಂದಿನಂತೆ, ‘ಅತ್ತೆಗೆ ಕೊಡು’ ಎಂದು ನನ್ನ ಕೈಗೆ ಲೋಟ ಇಟ್ಟಳು. ಅಪ್ಪ ನಡುಮನೆಯಲ್ಲಿ ಪೇಪರ್ ಓದುತ್ತಿದ್ದರು. ಅತ್ತೆ ಲೋಟ ತೆಗೆದುಕೊಂಡು ಅಮ್ಮನನ್ನು ಕರೆದಳು.

‘ಅತ್ತಿಗೆ, ಇವತ್ತು ನೀವು ಕುಡೀರಿ.’

‘ನಂದು ಆಗಲೇ ಆಯ್ತಲ್ಲ’ ಎಂದಳು ಅಮ್ಮ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ.

‘ಅಣ್ಣ, ನೀನು ಕುಡಿ.’

ಅಪ್ಪ ಲೋಟ ಇಸಿದುಕೊಂಡರು. ಒಂದು ಕ್ಷಣ ಅಮ್ಮನ ಮುಖ ನೋಡಿದರು. ಆಮೇಲೆ ಲೋಟವನ್ನು ಮೇಜಿನ ಮೇಲಿಟ್ಟು, ಪೇಪರಿನ ಹಾಳೆ ತಿರುವಿದರು. ಅಪ್ಪನಿಗೂ ಗೊತ್ತಿತ್ತು! ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ.

ನನ್ನ ತಲೆಗೆ ಏನು ಹೊಕ್ಕಿತೋ, ಮೇಜಿನ ಮೇಲಿದ್ದ ಲೋಟ ಎತ್ತಿ ಬಾಯಿಗೆ ಹಿಡಿದೆ. ಅಮ್ಮ ಓಡಿಬಂದು ನನ್ನ ಕೈಗೆ ಹೊಡೆದಳು. ಲೋಟ ಗೋಡೆಗೆ ಬಡಿದು ಕಾಫಿ ನೆಲದ ತುಂಬಾ ಹರಿಯಿತು.

‘ಬೇಡ್ವೇ! ನಿಂಗ್ಯಾಕೆ ಅದು? ನಾಳೆ ಪರೀಕ್ಷೆ ಇದೆ!’

ಆಮೇಲೆ ಯಾರೂ ಏನೂ ಒಪ್ಪಿಕೊಳ್ಳಬೇಕಾಗಿರಲಿಲ್ಲ. ಆದರೂ ಅಮ್ಮ ಸುಮ್ಮನಿರಲಿಲ್ಲ. ಅರ್ಧ ಮಾತ್ರೆ ಅಷ್ಟೇ, ನಿನ್ನ ಪರೀಕ್ಷೆ ಮುಗಿಯುವವರೆಗೆ ಅಷ್ಟೇ, ಮನೆಯಲ್ಲಿ ದಿನಾ ಅಳು, ದಿನಾ ಜಗಳ, ನಾನೂ ಮನುಷ್ಯಳಲ್ಲವೇ ಎಂದಳು. ಕೊಟ್ಟವನು ಯಾರೆಂದು ಕೇಳಿದ್ದಕ್ಕೆ ಅದೇ ಔಷಧಿ ಅಂಗಡಿಯವನು ಎಂದಳು. ‘ಅಕ್ಕೋರಿಗೆ ತಾನೇ?’ ಎಂದು ಕೇಳಿ ಕೊಟ್ಟನಂತೆ. ಅಪ್ಪ, ‘ಮನೆ ಶಾಂತಿಗೋಸ್ಕರ ಕಣಮ್ಮಾ’ ಎಂದು ಪೇಪರಿನ ಹಿಂದಿನಿಂದಲೇ ಹೇಳಿದರು.

‘ಹದಿನಾಲ್ಕು ವರ್ಷ ನುಂಗಿದ್ದು ನಾನು. ಅದು ನನ್ನ ತಪ್ಪು, ಒಪ್ಕೋತೀನಿ’ ಎಂದಳು ಅತ್ತೆ. ‘ಈ ಎರಡು ವಾರದ್ದು ಯಾರ ತಪ್ಪು ಅಣ್ಣ? ನಂಗೆ ಹುಚ್ಚು ಹಿಡೀತು ಅಂದ್ಕೊಂಡಿದ್ದೆ. ನೀನು ನೋಡ್ತಾ ಕೂತಿದ್ದೆ. ನಾಯಿ ಬಾಲ ಅಂದೆ.’

ಮರುದಿನ ನಾನು ಪರೀಕ್ಷೆಗೆ ಹೋದೆ. ಹೌದು, ಹೋದೆ. ಬಂದು ನೋಡಿದರೆ ಓಣಿಯ ಮಂಚ ಖಾಲಿಯಾಗಿತ್ತು. ಅತ್ತೆ ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಡಾಕ್ಟರಮ್ಮ ಪಟ್ಟಿ ನೋಡಿ, ಮತ್ತೆ ಚೂರು ಚೂರಾಗಿ ಇಳಿಸುವ ಲೆಕ್ಕ ಬರೆದುಕೊಟ್ಟರಂತೆ. ಒಮ್ಮೆ ಹತ್ತಿದ ಬೆಟ್ಟವನ್ನು ಯಾರದೋ ಕೈ ಕೆಳಕ್ಕೆ ನೂಕಿದ್ದಕ್ಕೆ ಎರಡನೇ ಸಲ ಹತ್ತಬೇಕಾಯಿತು. ಮೂರು ತಿಂಗಳಲ್ಲಿ ಹತ್ತಿದಳು, ಒಬ್ಬಳೇ. ಯಾರೂ ಅವಳ ಅಂಗಡಿ ಮುಂದೆ ನಿಂತು ಬೆನ್ನು ತಟ್ಟಲಿಲ್ಲ. ನೆಂಟರೆಲ್ಲ, ಸಾಕಿದ ಅಣ್ಣನ ಮನೆ ಬಿಟ್ಟು ಹೋದ ಕೃತಘ್ನಳು ಎಂದರು. ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ ಅದೇ ಬಾಯಿಗಳು, ‘ಮನೇಲಿ ಶಾಂತಿ ಇದ್ರೆ ಮಕ್ಕಳು ಓದ್ತಾರೆ’ ಎಂದು ಅಮ್ಮನನ್ನು ಹೊಗಳಿದವು.

ಇದೆಲ್ಲ ಆಗಿ ಆರು ವರ್ಷವಾಯಿತು. ಅತ್ತೆ ಆಮೇಲೆ ಮಾತ್ರೆ ಮುಟ್ಟಿಲ್ಲ. ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಬಾಯಿ ತುಂಬಾ ಮಾತಾಡುತ್ತಾಳೆ, ನನ್ನ ಕೂದಲು ಬಾಚುತ್ತಾಳೆ, ನನ್ನ ಆಫೀಸಿನ ಮ್ಯಾನೇಜರನ ನಡಿಗೆಯನ್ನು ನಾನು ಮಾಡಿ ತೋರಿಸಿದರೆ ಗೋಡೆ ಅದುರುವಂತೆ ನಗುತ್ತಾಳೆ. ನನ್ನನ್ನು ಕ್ಷಮಿಸಿದ್ದಾಳೆ ಎಂದೇ ತಿಳಿದಿದ್ದೆ. ಹೋದ ತಿಂಗಳು ಅವಳಿಗೆ ಜ್ವರ ಬಂದಿತ್ತು, ಏಳಲಾಗುತ್ತಿರಲಿಲ್ಲ. ನಾನೇ ಒಲೆ ಹಚ್ಚಿ ಕಾಫಿ ಮಾಡಿ ಮಂಚದ ಹತ್ತಿರ ತಂದೆ. ಅವಳು ಲೋಟಕ್ಕೆ ಕೈ ಚಾಚಿದವಳು ಅರ್ಧಕ್ಕೇ ನಿಂತಳು.

‘ಬೇಜಾರು ಮಾಡ್ಕೋಬೇಡ ಪುಟ್ಟಿ’ ಎಂದಳು. ‘ಮೊದಲು ನೀನು ಒಂದು ಗುಟುಕು ಕುಡಿ.’

ಕುಡಿದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಲೋಟ ತೆಗೆದುಕೊಂಡಳು.