ಗುಡ್ಡಮ್ಮನ ಸೊಪ್ಪಿನ ಸಿಗ್ನಲ್

ವಾಹನ ಬಂದರೆ ಚರಂಡಿಗಿಳಿದು ದಾರಿ ಬಿಡುವುದೇ ಮೆಣಸೆಯ ಗುಡ್ಡಮ್ಮನ ಐವತ್ತು ವರ್ಷದ ಅಭ್ಯಾಸ. ತೋಟದಲ್ಲಿ ಮಣ್ಣು ಹೊತ್ತಳು, ಆಮೇಲೆ ರಸ್ತೆ ಕೆಲಸದಲ್ಲಿ ಜಲ್ಲಿ ಹೊತ್ತಳು, ಕೊನೆಗೆ ಮೊಣಕಾಲು ಕೈಕೊಟ್ಟಿತು. 2007ರ ಮೇ ರಜೆಯಲ್ಲಿ ಶೃಂಗೇರಿ ರಸ್ತೆಯನ್ನು ಅರ್ಧ ಅಗೆದಿದ್ದರು. ಉಳಿದರ್ಧದಲ್ಲಿ ಪ್ರವಾಸಿಗರ ವಾಹನಗಳ ಸಾಲು. ಒಳರಸ್ತೆಯ ಗಾಡಿಗಳು ಅದಕ್ಕೆ ಬಂದು ಸೇರುವಲ್ಲಿ ಬಾವುಟ ಹಿಡಿಯುವ ಕೆಲಸ ಅವಳಿಗೆ ಸಿಕ್ಕಿತು.

"ಮಧ್ಯಾಹ್ನದೊಳಗೆ ಜಾಮ್ ಬಿಡ್ಲಿಲ್ಲ ಅಂದ್ರೆ ಇಲ್ಲಿಗೆ ದೇವಪ್ಪನ್ನ ಹಾಕ್ತೀನಿ. ನೀನು ವಾಪಸ್ ಜಲ್ಲಿ ಹೊರು," ಎಂದ ಮೇಸ್ತ್ರಿ ಗಂಗಾಧರ್.

ಅವಳ ಕೆಂಪು ಬಾವುಟಕ್ಕೆ ಮೂರು ಕಾಸಿನ ಬೆಲೆ ಕೊಟ್ಟವರಿಲ್ಲ. ಎಲ್ಲರೂ ಒಟ್ಟಿಗೇ ನುಗ್ಗಿ ಸಿಕ್ಕಿಕೊಂಡರು. ಹಸಿರು ಬಾವುಟ ತರಲು ಮೇಸ್ತ್ರಿ ಮಹಾರಾಯ ಮರೆತೇ ಬಿಟ್ಟಿದ್ದ. ಮಲೆನಾಡಿನಲ್ಲಿ ಹಸಿರಿಗೇನು ಬರ? ಗುಡ್ಡಮ್ಮ ಪೊದೆಯಿಂದ ಸೊಪ್ಪಿನ ಕೊಂಬೆ ಮುರಿದು, ಹೋಗಿ ಹೋಗಿ ಎಂದು ಬೀಸಿದಳು.

ಒಳರಸ್ತೆಯ ಜೀಪು ಗಕ್ಕನೆ ನಿಂತಿತು. ಅದರ ಹಿಂದಿನ ವ್ಯಾನೂ ನಿಂತಿತು, ಬಸ್ಸೂ ನಿಂತಿತು. ಜೋರಾಗಿ ಬೀಸಿದಷ್ಟೂ ಗಟ್ಟಿಯಾಗಿ ನಿಂತವು.

"ಮುಂದೆ ಯಾವ ಲಾರಿ ಕೆಟ್ಟು ನಿಂತಿದೆ ಮಾರಾಯ್ತಿ?" ಜೀಪಿನ ಡ್ರೈವರ್ ಕೇಳಿದ.

ಗುಡ್ಡಮ್ಮನಿಗೆ ಆಗ ಹೊಳೆಯಿತು. ಗಾಡಿ ಕೆಟ್ಟರೆ ರಸ್ತೆಗೆ ಸೊಪ್ಪು ಹಾಕುವುದು ಈ ಕಡೆಯ ವಾಡಿಕೆ. ಸೊಪ್ಪು ಕಂಡರೆ ಡ್ರೈವರುಗಳ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಅವಳು ಬಾವುಟವನ್ನು ಅತ್ತ ಎಸೆದಳು.

"ಎಂತದೂ ಕೆಟ್ಟಿಲ್ಲ. ನಾ ಸೊಪ್ಪು ಇಳಿಸಿದಾಗ ಒಂದೇ ಗಾಡಿ ಹೋಗ್ಬೇಕು. ತೋಡಿನ ನೀರು ಒಟ್ಟಿಗೇ ಬಿಟ್ರೆ ಗದ್ದೆ ಅಂಚು ಉಳಿತದಾ?"

ದೊಡ್ಡ ರಸ್ತೆಯ ಗಂಟು ಮೆಲ್ಲಗೆ ಬಿಚ್ಚಿಕೊಂಡಿತು. ಸಾಲಿನಲ್ಲಿ ಸಂದು ಕಂಡೊಡನೆ ಕೊಂಬೆ ಇಳಿಯಿತು, ಜೀಪು ಸೇರಿಕೊಂಡಿತು. ಕೊಂಬೆ ಏರಿತು, ವ್ಯಾನು ಕಾಯಿತು. ಮತ್ತೆ ಸಂದು, ಮತ್ತೆ ಒಂದು. ಗುಡ್ಡಮ್ಮ ಬಸ್ಸಿನತ್ತ ನೋಡಿದಳು. ಅಷ್ಟು ದೊಡ್ಡ ಬಸ್ಸು ತನ್ನ ಕೈ ನೋಡಿಕೊಂಡು ನಿಂತಿದೆಯಲ್ಲ! ಅವಳಿಗೆ ಕುಣಿಯಬೇಕು ಅನ್ನಿಸಿತು. ಮೊಣಕಾಲಿನ ನೋವು ಎಲ್ಲಿ ಹೋಯಿತೋ.

ಮಧ್ಯಾಹ್ನ ಗಂಗಾಧರ್ ದೇವಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಒಳರಸ್ತೆಯಲ್ಲಿ ಬಂದ. ಸಾಲಿನ ಪಕ್ಕದಲ್ಲೇ ನುಸುಳಿ ಮುಂದೆ ಬಂದವನ ಮುಖಕ್ಕೆ ಕೊಂಬೆ ಅಡ್ಡವಾಯಿತು.

"ಏ, ನಾನು ಮಾರಾಯ್ತಿ."

"ಗೊತ್ತಾಯ್ತು ಮೇಸ್ತ್ರಿಗಳೇ. ನಿಮಗಿಂತ ಮುಂಚೆ ಬಂದವು ಆರು ಗಾಡಿ ಇದಾವೆ."

ಗಂಗಾಧರ್ ದೊಡ್ಡ ರಸ್ತೆ ನೋಡಿದ. ಒಂದು ಗಾಡಿಯೂ ನಿಂತಿರಲಿಲ್ಲ.

"ದೇವಪ್ಪ, ನೀ ಇಳಿದು ಜಲ್ಲಿ ಕೆಲಸಕ್ಕೆ ಹೋಗು. ಇಲ್ಲಿಗೆ ಗುಡ್ಡಮ್ಮನೇ ಸರಿ," ಎಂದು ಬೈಕ್ ತಿರುಗಿಸಿ, ಆರನೆಯ ಗಾಡಿಯ ಹಿಂದೆ ಹೋಗಿ ನಿಂತ.