ಮಿದುಳಿನ ಪೊರೆ, ಬೆನ್ನಿನ ನೀರು

ಕತ್ತು ಹಿಡಿದುಕೊಂಡರೆ ದಿಂಬನ್ನು ಬಿಸಿಲಿಗೆ ಹಾಕುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ. ಜ್ವರ ಬಂದು, ತಲೆ ಸಿಡಿಯುತ್ತಿದೆ ಎಂದು ಮಲಗಿದ ತಂಗಿ ಮರುದಿನ ಕತ್ತು ಬಗ್ಗಿಸಲಾರದೆ ಹೋದಾಗ ಅವ್ವ ಮಾಡಿದ್ದೂ ಅದನ್ನೇ. ಜಗಳೂರಿನಲ್ಲಿ ಬಿಸಿಲಿಗೇನು ಬರವೇ? ದಿಂಬು ಕಾದ ಹಂಚಾಯಿತು, ತಂಗಿಯ ಕತ್ತು ಇನ್ನಷ್ಟು ಬಿಗಿಯಿತು. ಉಳುಕು ತೆಗೆಯುವ ಅಜ್ಜಿ ಎಣ್ಣೆ ಹಚ್ಚಿ ನೀವಲು ಬಂದರೆ ಚೀರಿದಳು. ಕಿಟಕಿಯ ಬೆಳಕನ್ನೂ ತಡೆಯಲಾರದೆ ಮುಖಕ್ಕೆ ದುಪಟ್ಟಾ ಎಳೆದುಕೊಂಡಳು. ಓಣಿಯವರದು ಒಬ್ಬೊಬ್ಬರದು ಒಂದೊಂದು ಸಲಹೆ. ನನಗೋ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಎಲ್ಲರನ್ನೂ ಆಚೆ ಕಳಿಸಿ ಬಾಡಿಗೆ ಕಾರು ತರಿಸಿದೆ.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಂಗಿಯ ತಲೆಯ ಕೆಳಗೆ ಕೈ ಕೊಟ್ಟು ಮೆಲ್ಲಗೆ ಎತ್ತಿದರು. ಕತ್ತು ಬಗ್ಗಲಿಲ್ಲ. ಬದಲಿಗೆ ಮೊಣಕಾಲು ತಾವಾಗಿಯೇ ಮಡಚಿಕೊಂಡವು. ಡಾಕ್ಟರಮ್ಮನ ಮುಖದಲ್ಲಿದ್ದ ನಗು ಹೋಯಿತು.

"ಮಿದುಳಿನ ಪೊರೆಗೆ ಸೋಂಕು ಆದಂಗೆ ಕಾಣ್ತೈತೆ. ಔಷಧಿ ಈಗ್ಲೇ ಶುರು ಮಾಡ್ತೀವಿ. ಆದ್ರೆ ಯಾವ ಸೋಂಕು ಅಂತ ತಿಳಿಯಾಕೆ ಬೆನ್ನಿಂದ ಸ್ವಲ್ಪ ನೀರು ತೆಗೀಬೇಕು. ಮನೆಯವರು ಸಹಿ ಮಾಡ್ರಿ."

"ಬ್ಯಾಡ್ರೀ," ಎಂದಳು ಅವ್ವ. "ಬೆನ್ನಿಗೆ ಸೂಜಿ ಚುಚ್ಚಿದ್ರೆ ಕಾಲು ಹೋಗ್ತವೆ."

ಅಷ್ಟರಲ್ಲಿ ಹೊನ್ನಾಳಿಯಿಂದ ಚಿಕ್ಕಮ್ಮನ ಫೋನು. ಹೆರಿಗೆಯಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ತಾನು ಸೊಂಟ ನೆಟ್ಟಗೆ ಮಾಡಿಲ್ಲ ಎಂಬ ಪುರಾಣ ಶುರುವಾಯಿತು. ನಾನು ಅವ್ವನ ಕೈಯಿಂದ ಫೋನು ಕಿತ್ತುಕೊಂಡು ಆಫ್ ಮಾಡಿದೆ. ಸಹಿ ನಾನೂ ಹಾಕಬಹುದಿತ್ತು. ಆದರೆ ಅಪ್ಪ ಇಲ್ಲದ ಮನೆಯಲ್ಲಿ ನಮ್ಮಿಬ್ಬರನ್ನು ಸಾಕಿದವಳ ಎದುರು, ಅವಳು ಬೇಡವೆನ್ನುತ್ತಿರುವಾಗ ಹೇಗೆ ಹಾಕಲಿ? ತಂಗಿ ಆಗಲೇ ಏನೇನೋ ಬಡಬಡಿಸುತ್ತಿದ್ದಳು. ಅವಳು ಸತ್ತೇ ಹೋಗುತ್ತಾಳೆ ಎಂದು ನನಗೆ ಅನ್ನಿಸಿತು. ಅವ್ವನ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ.

ಡಾಕ್ಟರಮ್ಮ ರೇಗಲಿಲ್ಲ. "ನೋಡಮ್ಮ, ಬುರುಡೆ ಒಳಗೆ ಮಿದುಳಿಗೆ ಮೂರು ಪೊರೆ ಇರ್ತವೆ. ಹೊರಗಿಂದು ದಪ್ಪ. ನಡುವಿಂದು ಜೇಡರ ಬಲೆ ಥರ. ಒಳಗಿಂದು ಮಿದುಳಿಗೇ ಅಂಟಿರ್ತೈತೆ. ಒಳಗಿನ ಎರಡರ ನಡುವೆ ನೀರು, ಮಿದುಳಿಗೆ ಪೆಟ್ಟು ಬೀಳದಂಗೆ. ಅದೇ ನೀರು ಬೆನ್ನುಹುರಿ ಸುತ್ತಾನೂ ಇರ್ತೈತೆ."

ಅವ್ವ ತನ್ನ ತಲೆ ಮುಟ್ಟಿ ನೋಡಿಕೊಂಡಳು. "ಕುರಿ ತಲೆ ಸ್ವಚ್ಛ ಮಾಡುವಾಗ ಮಿದುಳಿನ ಮ್ಯಾಲೆ ಕೆಂಪು ನರದ ತೆಳ್ಳನೆ ಪೊರೆ ಬರ್ತದಲ್ರೀ, ಅದೇನಾ?"

"ಅದೇ ಅಮ್ಮ."

"ಅದು ಉಗುರು ತಾಕಿದ್ರೆ ಹರಿದು ಹೋಗ್ತದೆ," ಎಂದಳು. ಈಗ ಅವಳ ಹೆದರಿಕೆ ಕಾಲಿನಿಂದ ತಲೆಗೂ ಏರಿತ್ತು.

"ಅದನ್ನ ನಾವು ಮುಟ್ಟಲ್ಲ. ಸೂಜಿ ಹಾಕೋದು ಸೊಂಟದ ಹತ್ರ. ಬೆನ್ನುಹುರಿ ಅದಕ್ಕಿಂತ ಮ್ಯಾಲೇ ಮುಗಿದಿರ್ತೈತೆ. ಕಾಲು ಹೋಗಲ್ಲ."

"ನನ್ನ ಮುಖ ನೋಡಿ ಹೇಳ್ರಿ."

ಡಾಕ್ಟರಮ್ಮ ಮುಖ ನೋಡಿ ಹೇಳಿದರು. ಅವ್ವ ಸಹಿ ಮಾಡಿದಳು.

ತಂಗಿಯನ್ನು ಮಗ್ಗುಲಿಗೆ ಮಲಗಿಸಿ, ಮೊಣಕಾಲು ಹೊಟ್ಟೆಗೆ ಒತ್ತಿ ಹಿಡಿದರು. ನಾನು ಪರದೆಯ ಪಕ್ಕ ನಿಂತಿದ್ದೆ. ತಿಳಿನೀರಿನ ಹಾಗೆ ಬರಬೇಕಾದದ್ದು ಅಕ್ಕಿ ತೊಳೆದ ನೀರಿನ ಹಾಗೆ ಬಂತು. ಅದರಲ್ಲಿ ಕೀವು ಸೇರಿದೆ ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪರೀಕ್ಷೆಯ ವರದಿ ಬಂದ ಮೇಲೆ ಔಷಧಿ ಬದಲಾಯಿತು. ಜ್ವರ ಇಳಿಯುವ ತನಕ ಅವ್ವ ಕುಳಿತದ್ದು ತಂಗಿಯ ಕಾಲ ಬಳಿ. ಗಳಿಗೆಗೊಮ್ಮೆ ಹೊದಿಕೆ ಸರಿಸಿ ಅಂಗಾಲು ಒತ್ತುವಳು. ಒಂದು ಬೆಳಿಗ್ಗೆ ತಂಗಿ ಕಾಲು ಎಳೆದುಕೊಂಡಳು.

"ಬಿಡವ್ವ, ಕಚಗುಳಿ ಆಗ್ತೈತೆ."

ಅವ್ವ ಅತ್ತಳು, ನಕ್ಕಳು, ಮೂಗು ಒರೆಸಿಕೊಂಡಳು. ಸ್ಟೂಲನ್ನು ತಲೆಯ ಕಡೆ ಎಳೆದುಕೊಂಡು, ಎಡಗಿವಿಯ ಹತ್ತಿರ ಬಾಗಿ, "ಗಂಜಿ ಕುಡಿತೀಯೇನೆ?" ಎಂದು ಮೆಲ್ಲಗೆ ಕೇಳಿದಳು. ತಂಗಿ ಫ್ಯಾನು ನೋಡುತ್ತಲೇ ಇದ್ದಳು. ಮತ್ತೆ ಕೇಳಿದಳು. ಆಗಲೂ ಉತ್ತರ ಇಲ್ಲ. ಬಲಕ್ಕಿದ್ದ ನಾನು ಕರೆದಾಗ ತಕ್ಷಣ ತಿರುಗಿದಳು.

ಪರೀಕ್ಷೆ ಮಾಡಿ, ಸೋಂಕು ಒಳಕಿವಿಗೂ ಇಳಿದಿದೆ, ಎಡಗಿವಿ ಇನ್ನು ಕೇಳಿಸಲಿಕ್ಕಿಲ್ಲ ಎಂದರು ಡಾಕ್ಟರಮ್ಮ.

"ಮೊದ್ಲೇ ಕರ್ಕೊಂಡು ಬಂದಿದ್ರೆ ಉಳೀತಿತ್ತೇನ್ರೀ?" ಎಂದಳು ಅವ್ವ.

"ಅದನ್ನ ಹೇಳಾಕೆ ಬರಲ್ಲಮ್ಮ. ಜೀವ ಉಳೀತಲ್ಲ."

ಅವ್ವ ಸ್ಟೂಲು ಎತ್ತಿಕೊಂಡು ಮಂಚವನ್ನು ಸುತ್ತಿ ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ, ತಂಗಿಯ ಬಲಕ್ಕೆ ಕುಳಿತು, ಗಂಜಿ ಕುಡಿಯುತ್ತೀಯಾ ಎಂದು ಇನ್ನೊಮ್ಮೆ ಕೇಳಿದಳು.